ಮೂರನೇ ಡಬ್ಬಿಯಲ್ಲಿ ಯಲಬುರ್ಗಾ ಇತ್ತು

ಪ್ರೋಗ್ರಾಮಿಂಗ್ ಕಲಿಸುವ ಯಾವ ಪುಸ್ತಕ ತೆಗೆದರೂ ಅರೇ ಅನ್ನೋ ಅಧ್ಯಾಯದಲ್ಲಿ ಒಂದು ಹಣ್ಣಿನಂಗಡಿ ಇರುತ್ತೆ. ಸೇಬು, ಬಾಳೆ, ಮಾವು. ಸಾಲಾಗಿ ಮೂರು ಡಬ್ಬಿ, ಒಂದೊಂದರಲ್ಲಿ ಒಂದೊಂದು ಹಣ್ಣು. ಎರಡನೇ ಪುಟದಲ್ಲಿ ಬಾಳೆ ತೆಗೆದು ಅಲ್ಲಿ ಕಿತ್ತಳೆ ಇಡೋದು ಹೇಗೆ ಅಂತ ತೋರಿಸ್ತಾರೆ. ಒಂದೇ ಸಾಲಿನ ಕೆಲಸ. ಅರ್ಥ ಆಯ್ತಾ, ಆಯ್ತು, ಮುಂದಿನ ಅಧ್ಯಾಯ. ಬಿಇ ಓದುವಾಗ ನಾನು ಕಲಿತದ್ದು ಹೀಗೇ. ಕೆಲಸಕ್ಕೆ ಸೇರಿದ ಮೇಲೆ ಹೊಸಬರಿಗೆ ಕಲಿಸಿದ್ದೂ ಹೀಗೇ. ಈ ಬರಹ ಆ ಒಂದು ಸಾಲಿನ ಬಗ್ಗೆ ನನ್ನ ತಕರಾರು.

ಹಣ್ಣು ಬೇಡ, ನಮ್ಮ ಜಿಲ್ಲೆಯನ್ನೇ ತಗೊಳ್ಳೋಣ. 1997ರಲ್ಲಿ ರಾಯಚೂರಿನಿಂದ ಬೇರೆಯಾದ ಕೊಪ್ಪಳ ಜಿಲ್ಲೆಗೆ ಇದ್ದದ್ದು ನಾಲ್ಕು ತಾಲೂಕು. ಅದನ್ನು ಕೋಡಿನಲ್ಲಿ ಹೀಗೆ ಬರೆಯಬಹುದು:

ತಾಲೂಕುಗಳು = ["ಕೊಪ್ಪಳ", "ಗಂಗಾವತಿ", "ಕುಷ್ಟಗಿ", "ಯಲಬುರ್ಗಾ"]

ಓದುಗರ ಅನುಕೂಲಕ್ಕೆ ಕನ್ನಡ ಮಾಡಿದ್ದಲ್ಲ ಇದು. ಪೈಥಾನ್ 3ರಲ್ಲೂ ಜಾವಾಸ್ಕ್ರಿಪ್ಟ್‌ನಲ್ಲೂ ಈ ಸಾಲನ್ನು ಇದ್ದ ಹಾಗೇ ಕೊಟ್ಟರೆ ಓಡುತ್ತೆ, ಹೆಸರು ಕನ್ನಡದಲ್ಲಿದ್ದರೆ ಕಂಪ್ಯೂಟರಿಗೆ ಏನೂ ಬೇಜಾರಿಲ್ಲ. ಎಣಿಕೆ ಸೊನ್ನೆಯಿಂದ ಶುರು. ಕೊಪ್ಪಳ 0, ಗಂಗಾವತಿ 1, ಕುಷ್ಟಗಿ 2, ಯಲಬುರ್ಗಾ 3. ಈಗ ಬದಲಿಸುವ ಸಾಲು:

ತಾಲೂಕುಗಳು[3] = "ಕುಕನೂರು"

ಮೂರನೇ ಡಬ್ಬಿಯಲ್ಲಿದ್ದ ಯಲಬುರ್ಗಾ ಹೋಯ್ತು, ಕುಕನೂರು ಬಂತು. ಯಲಬುರ್ಗಾ ಎಲ್ಲಿ ಹೋಯ್ತು ಅಂತ ಕೇಳಿದರೆ ಉತ್ತರ ಇಲ್ಲ. ಯಾವಾಗ ಹೋಯ್ತು, ಯಾರು ತೆಗೆದರು, ಮೊದಲು ಅಲ್ಲಿ ಏನಿತ್ತು ಅನ್ನೋದಕ್ಕೂ ಇಲ್ಲ. "ಮೂರನೇ ಡಬ್ಬಿ ಅಂದರೆ ಯಲಬುರ್ಗಾ" ಅಂತ ನಂಬಿ ಕೂತವರು ಬೇರೆ ಯಾರಾದರೂ ಇದ್ದಾರಾ ಅಂತ ಭಾಷೆ ವಿಚಾರಿಸೋದೇ ಇಲ್ಲ. ಹಣ್ಣಿನ ಉದಾಹರಣೆಯಲ್ಲಿ ಈ ಪ್ರಶ್ನೆ ಏಳಲ್ಲ, ಯಾಕಂದರೆ ಬಾಳೆಹಣ್ಣಿಗೆ ಯಾರೂ ಆಧಾರ್ ಜೋಡಿಸಿರಲ್ಲ.

ಎಲ್ಲ ಭಾಷೆಗಳೂ ಈ ಸಾಲಿನ ವಿಷಯದಲ್ಲಿ ಒಂದೇ ಥರ ಇಲ್ಲ. ಸಿ ಭಾಷೆ ಕಣ್ಣು ಮುಚ್ಚಿಕೊಂಡು ಹೇಳಿದ್ದು ಮಾಡುತ್ತೆ. ನಾಲ್ಕೇ ಡಬ್ಬಿ ಇರುವ ಸಾಲಿನಲ್ಲಿ ಹತ್ತನೇ ಡಬ್ಬಿಗೆ ಬರೆ ಅಂದರೆ, ಅಲ್ಲಿ ಇನ್ಯಾರದೋ ಸಾಮಾನು ಇದ್ದರೂ ಅದರ ಮೇಲೇ ಬರೆದುಬಿಡಬಹುದು. 1988ರಲ್ಲಿ ಇಂಟರ್ನೆಟ್ಟನ್ನೇ ಅಲುಗಿಸಿದ ಮಾರಿಸ್ ವರ್ಮ್ ಹರಡಿದ ದಾರಿಗಳಲ್ಲಿ ಇಂಥದ್ದೇ ಒಂದು ಮಿತಿ ಮೀರಿದ ಬರವಣಿಗೆಯೂ ಇತ್ತು. ಜಾವಾಸ್ಕ್ರಿಪ್ಟ್ ಇನ್ನೊಂದು ಥರ ಉದಾರಿ. ನಾಲ್ಕು ತಾಲೂಕಿನ ಪಟ್ಟಿಯಲ್ಲಿ 10ನೇ ಜಾಗಕ್ಕೆ ಕುಕನೂರು ಹಾಕಿದರೆ ಬೈಯಲ್ಲ. ಪಟ್ಟಿಯ ಉದ್ದ 11 ಮಾಡಿ, ನಡುವೆ ಆರು ಖಾಲಿ ತೂತು ಬಿಟ್ಟು, ಆಯ್ತು ಅನ್ನುತ್ತೆ. ಪೈಥಾನ್ ಮತ್ತು ಜಾವಾ ಅಲ್ಲೇ ಎರರ್ ಕೊಟ್ಟು ನಿಲ್ಲಿಸುತ್ತವೆ.

ಜಾವಾದ ಒಂದು ಸಣ್ಣ ವಿಷಯ ನನಗೆ ಇಷ್ಟ. ಅಲ್ಲಿ ಲಿಸ್ಟ್‌ನ ಒಂದು ಜಾಗಕ್ಕೆ ಹೊಸದನ್ನು ಹಾಕುವ ಸೆಟ್ ಅನ್ನೋ ಮೆಥಡ್ ಇದೆ. ಅದು ಹೊಸದನ್ನು ಇಟ್ಟು, ಅಲ್ಲಿ ಮೊದಲು ಇದ್ದದ್ದನ್ನು ನಿಮ್ಮ ಕೈಗೆ ವಾಪಸ್ ಕೊಡುತ್ತೆ. ಹಳೇ ಬಲ್ಬ್ ತೆಗೆದು ಹೊಸದು ಹಾಕಿದ ಎಲೆಕ್ಟ್ರಿಷಿಯನ್, "ತಗೊಳ್ರಿ, ಇದು ನಿಮ್ಮ ಹಳೇದು" ಅಂತ ಕೊಟ್ಟು ಹೋದ ಹಾಗೆ. ನಮ್ಮಲ್ಲಿ ಹೆಚ್ಚಿನವರು ಅದನ್ನು ನೋಡದೆ ಎಸೆಯುತ್ತೇವೆ. ಅದು ಎಲೆಕ್ಟ್ರಿಷಿಯನ್ ತಪ್ಪಲ್ಲ.

ಇದುವರೆಗೆ ಹೇಳಿದ್ದು ಒಂದರ ಜಾಗಕ್ಕೆ ಒಂದು ಬರುವ ಕಥೆ. ನಿಜವಾದ ಊರುಗಳಲ್ಲಿ ಹಾಗೆ ನಡೆಯಲ್ಲ. 2017ರ ಬಜೆಟ್‌ನಲ್ಲಿ ರಾಜ್ಯ ಸರ್ಕಾರ ಹೊಸ ತಾಲೂಕುಗಳನ್ನು ಘೋಷಿಸಿತು. ಅದರಲ್ಲಿ ಮೂರು ನಮ್ಮ ಜಿಲ್ಲೆಯವು. ಗಂಗಾವತಿ ಒಡೆದು ಕನಕಗಿರಿ, ಕಾರಟಗಿ ಆದವು. ಯಲಬುರ್ಗಾ ಒಡೆದು ಕುಕನೂರು ಆಯ್ತು. ನಾಲ್ಕು ಇದ್ದದ್ದು ಏಳು. ಪಟ್ಟಿಯ ಭಾಷೆಯಲ್ಲಿ ಹೇಳೋದಾದರೆ, ಒಂದು ಡಬ್ಬಿ ಇದ್ದ ಕಡೆ ಮೂರು ಡಬ್ಬಿ ಬರಬೇಕು.

ಪೈಥಾನ್‌ನಲ್ಲಿ ಇದಕ್ಕೊಂದು ಚಂದದ ದಾರಿ ಇದೆ:

ತಾಲೂಕುಗಳು[1:2] = ["ಗಂಗಾವತಿ", "ಕನಕಗಿರಿ", "ಕಾರಟಗಿ"]

1ರಿಂದ 2ರವರೆಗಿನ ತುಂಡು ತೆಗೆದು ಅಲ್ಲಿ ಈ ಮೂರನ್ನು ಕೂರಿಸು ಅಂತ ಅರ್ಥ. ಓದಿದರೆ ಗೊತ್ತಾಗುತ್ತೆ, ಬರೆಯೋಕೂ ಸಲೀಸು. ಆದರೆ ಕುಕನೂರಿನ ವಿಷಯದಲ್ಲಿ ಅವಸರಕ್ಕೆ ಚೌಕ ಆವರಣ ಮರೆತು ತಾಲೂಕುಗಳು[3:4] = "ಕುಕನೂರು" ಅಂತ ಬರೆದು ನೋಡಿ. ಪೈಥಾನ್ ಆ ಪದವನ್ನೂ ಒಂದು ಸಾಲು ಡಬ್ಬಿ ಅಂತಲೇ ತಿಳಿಯುತ್ತೆ. ಯಲಬುರ್ಗಾ ತೆಗೆದು ಅಲ್ಲಿ ಕ, ಕೊಂಬು, ಕ, ನ, ಕೊಂಬಿನ ದೀರ್ಘ, ರ, ಕೊಂಬು ಅಂತ ಏಳು ಚೂರು ಸಾಲಾಗಿ ಇಡುತ್ತೆ. ಒಂದು ತಾಲೂಕು ಏಳು ಆಗಿ, ಜಿಲ್ಲೆಗೆ ಹತ್ತು ತಾಲೂಕು ಆಗುತ್ತೆ. ಎರರ್ ಬರಲ್ಲ. ಓದುವವನ ಕಣ್ಣಿಗೆ ನಾಲ್ಕು ಅಕ್ಷರದ ಊರು, ಯಂತ್ರದ ಕಣ್ಣಿಗೆ ಏಳು ತುಂಡು.

ಜಾವಾಸ್ಕ್ರಿಪ್ಟ್‌ನಲ್ಲಿ ಇದೇ ಕೆಲಸಕ್ಕೆ ಇರುವ ಮೆಥಡ್ ಸ್ಪ್ಲೈಸ್. ಹಗ್ಗದ ನಡುವಿನ ಸವೆದ ತುಂಡು ಕತ್ತರಿಸಿ, ಇನ್ನೊಂದು ತುಂಡು ತಂದು ಎಳೆಗೆ ಎಳೆ ಹೆಣೆದು ಸೇರಿಸೋದಕ್ಕೆ ಇಂಗ್ಲಿಷಿನಲ್ಲಿ ಈ ಪದ ಬಳಸ್ತಾರೆ. ಪರ್ಲ್ ಭಾಷೆಯಲ್ಲಿದ್ದ ಹೆಸರು ಜಾವಾಸ್ಕ್ರಿಪ್ಟ್‌ಗೆ ಬಂತು, 1999ರ ಸ್ಟ್ಯಾಂಡರ್ಡ್‌ನಲ್ಲಿ ಗಟ್ಟಿಯಾಯ್ತು. ನನ್ನ ಪ್ರಕಾರ ದಿನಾ ಬಳಸುವ ಮೆಥಡ್‌ಗಳಲ್ಲಿ ಅತಿ ಕೆಟ್ಟ ಸ್ವಭಾವದ್ದು ಇದೇ. ಕಾರಣ ಮೂರು.

ಒಂದು, ಇದು ತೆಗೆಯೋದು, ಸೇರಿಸೋದು, ಬದಲಿಸೋದು ಮೂರನ್ನೂ ಒಬ್ಬನೇ ಮಾಡುತ್ತೆ. ಯಾವುದು ಮಾಡಬೇಕು ಅನ್ನೋದು ನೀವು ಕೊಡುವ ಎರಡನೇ ಅಂಕಿ ಮೇಲೆ ನಿಂತಿದೆ. 1ರ ಬದಲು 0 ಕೊಟ್ಟರೆ ಬದಲಿಸೋದು ಹೋಗಿ ಸೇರಿಸೋದು ಆಗುತ್ತೆ, ಗಂಗಾವತಿ ಎರಡು ಸಲ ಕಾಣುತ್ತೆ. ಎರಡು, ಇದರ ಹೆಸರು ಸ್ಲೈಸ್ ಅನ್ನೋ ಇನ್ನೊಂದು ಮೆಥಡ್‌ಗೆ ಒಂದಕ್ಷರದಷ್ಟೇ ದೂರ. ಸ್ಲೈಸ್ ನಕಲು ಕೊಡುವ ಸಾಧು, ಮೂಲ ಪಟ್ಟಿ ಮುಟ್ಟಲ್ಲ. ಸ್ಪ್ಲೈಸ್ ಮೂಲಕ್ಕೇ ಕತ್ತರಿ ಹಾಕುತ್ತೆ. ಸಾಧುವಿಗೂ ಕಟುಕನಿಗೂ ಒಂದೇ ಮನೆತನದ ಹೆಸರು ಇಟ್ಟ ಹಾಗೆ. ಮೂರು, ಇದು ವಾಪಸ್ ಕೊಡೋದು ಹೊಸ ಪಟ್ಟಿಯನ್ನಲ್ಲ, ಕತ್ತರಿಸಿ ತೆಗೆದ ತುಂಡನ್ನು. ಅದನ್ನು ಗಮನಿಸದೆ ಉತ್ತರವನ್ನು ಮತ್ತೆ ಅದೇ ಹೆಸರಿಗೆ ಹಾಕಿಕೊಂಡರೆ ಇಡೀ ಜಿಲ್ಲೆ ಹೋಗಿ ತೆಗೆದ ಒಂದು ತಾಲೂಕು ಮಾತ್ರ ಕೈಯಲ್ಲಿ ಉಳಿಯುತ್ತೆ. ಇಂಟರ್ವ್ಯೂಗೆ ಬಂದವರಲ್ಲಿ ಎಷ್ಟು ಜನ ಇಲ್ಲಿ ಬಿದ್ದಿದ್ದಾರೆ ಅಂದರೆ, ಆ ಪ್ರಶ್ನೆ ಕೇಳೋದನ್ನೇ ಬಿಟ್ಟಿದ್ದೇನೆ.

ನನ್ನ ಕೋಪ ಬರೀ ಪುಸ್ತಕದ್ದಲ್ಲ. 2019ರ ಬೇಸಿಗೆಯಲ್ಲಿ ನಾನು ಬೆಂಗಳೂರಿನ ಒಂದು ಸಣ್ಣ ಕಂಪನಿಯಲ್ಲಿದ್ದೆ. ರೈತರು ಬೀಜ, ಗೊಬ್ಬರ ಬುಕ್ ಮಾಡುವ ಆ್ಯಪ್ ಅದು. ರೈತನ ಪ್ರೊಫೈಲ್‌ನಲ್ಲಿ ತಾಲೂಕು ಅಂತ ಇರುವ ಕಡೆ ನಾವು ಹೆಸರು ಉಳಿಸುತ್ತಿರಲಿಲ್ಲ, ಪಟ್ಟಿಯಲ್ಲಿ ಅದು ಎಷ್ಟನೆಯದು ಅನ್ನೋ ಅಂಕಿ ಉಳಿಸುತ್ತಿದ್ದೆವು. ಯಲಬುರ್ಗಾದವರಿಗೆಲ್ಲ 3. ಯಾವ ತಾಲೂಕಿಗೆ ಯಾವ ಡಿಪೋದಿಂದ ಮಾಲು ಅನ್ನೋದೂ ಅದೇ ಕ್ರಮದ ಇನ್ನೊಂದು ಪಟ್ಟಿಯಲ್ಲಿತ್ತು.

ಹೊಸ ತಾಲೂಕು ಸೇರಿಸುವ ಕೆಲಸ ನನಗೇ ಬಂತು, ಆ ಕಡೆಯವನು ಅಂತ. ಖುಷಿಯಿಂದಲೇ ಮಾಡಿದೆ. ಕನಕಗಿರಿ, ಕಾರಟಗಿ ಗಂಗಾವತಿಯ ಮಕ್ಕಳು, ಅದರ ಪಕ್ಕದಲ್ಲೇ ಇರಲಿ ಅಂತ ಸ್ಪ್ಲೈಸ್ ಮಾಡಿ ನಡುವೆ ಕೂರಿಸಿದೆ. ಕುಕನೂರನ್ನು ಕೊನೆಗೆ ಯಲಬುರ್ಗಾದ ಪಕ್ಕ ಹಾಕಿದೆ. ಡಿಪೋ ಪಟ್ಟಿಯನ್ನೂ ಅದಕ್ಕೆ ಸರಿಯಾಗಿ ಬದಲಿಸಿದೆ. ಪಟ್ಟಿ ಈಗ ಹೀಗಿತ್ತು: ಕೊಪ್ಪಳ, ಗಂಗಾವತಿ, ಕನಕಗಿರಿ, ಕಾರಟಗಿ, ಕುಷ್ಟಗಿ, ಯಲಬುರ್ಗಾ, ಕುಕನೂರು. ಏಳು ಇದೆಯಾ, ಇದೆ. ಕಾಗುಣಿತ ಸರಿ ಇದೆಯಾ, ಇದೆ. ಇಬ್ಬರು ರಿವ್ಯೂ ಮಾಡಿ ಓಕೆ ಅಂದರು. ಟೆಸ್ಟ್‌ಗಳೆಲ್ಲ ಹಸಿರು.

ಈಗ ಬೆರಳು ಮಡಚಿ ಎಣಿಸಿ. 3 ಅಂದರೆ ಯಾರು?

ಕಾರಟಗಿ. ಯಲಬುರ್ಗಾದ ರೈತರೆಲ್ಲ ಒಂದೇ ರಾತ್ರಿಯಲ್ಲಿ ಕಾರಟಗಿಯವರಾದರು. 2 ಅಂತಿದ್ದ ಕುಷ್ಟಗಿಯವರು ಕನಕಗಿರಿಯವರಾದರು. ಯಾರ ದಾಖಲೆಯನ್ನೂ ನಾನು ಮುಟ್ಟಿರಲಿಲ್ಲ. ಅವರ 3 ಹಾಗೇ ಇತ್ತು, 3ರ ಅರ್ಥ ಮಾತ್ರ ಬದಲಾಗಿತ್ತು.

ನಮ್ಮ ಕಡೆ ಬಲ್ಲವರಿಗೆ ಇದರ ಮಜಾ ಗೊತ್ತಾಗುತ್ತೆ. ಕಾರಟಗಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕುಡಿಯುವ ಭತ್ತದ ನೆಲ. ಯಲಬುರ್ಗಾ ಮಳೆ ನಂಬಿದ ಎರೆಹೊಲ. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ, ಜೋಳ. ಜಿಲ್ಲೆಯ ಪಶ್ಚಿಮಕ್ಕೆ ಇದು, ಪೂರ್ವಕ್ಕೆ ಅದು. ಜೂನ್‌ನಲ್ಲಿ ಯಲಬುರ್ಗಾ ಕಡೆಯವರು ಬುಕ್ ಮಾಡಿದ ಹೆಸರುಕಾಳಿನ ಬೀಜದ ಚೀಲಗಳು ಭತ್ತದ ಗದ್ದೆಗಳ ನಡುವಿನ ಡಿಪೋದಲ್ಲಿ ಹೋಗಿ ಕೂತವು. ಅಲ್ಲಿ ಕೇಳುವವರಿಲ್ಲ, ಇಲ್ಲಿ ಬರುವ ಲಕ್ಷಣ ಇಲ್ಲ. ಮೃಗಶಿರಾ ಮಳೆ ಹದವಾಗಿ ಬಿದ್ದಿತ್ತು. ಹೆಸರು ಬಿತ್ತೋಕೆ ಭೂಮಿ ಹೆಚ್ಚು ದಿನ ಕಾಯಲ್ಲ.

ಆ ಆ್ಯಪ್ ಹಾಕಿಕೊಳ್ರಿ ಅಂತ ನಾನೇ ಊರಲ್ಲಿ ಹತ್ತು ಮಂದಿಗೆ ಹೇಳಿದ್ದೆ. ಅದರಲ್ಲಿ ನಮ್ಮ ಕಾಕಾನೂ ಒಬ್ಬರು. ಆರನೇ ದಿನ ಫೋನ್ ಬಂತು.

"ಏನಪಾ ತಮ್ಮಾ, ನಮ್ಮ ಯಲಬುರ್ಗಾ ಯಾವಾಗ ಕಾರಟಗಿ ಆತು?"

"ಯಾಕ್ರೀ ಕಾಕಾ, ಏನಾತು?"

"ಮೊಬೈಲ್ ನೋಡಿದ್ರ ಹಂಗ ತೋರಸಾಕತ್ತೈತಿ. ಕಾಲುವಿ ನೀರರ ಬಿಡಸ್ತೀರೇನು ನಮಗ?"

ಅವರು ನಗುತ್ತಲೇ ಹೇಳಿದರು. ಆಮೇಲೆ, ಪ್ಯಾಟಿಯೊಳಗ ಸಿಕ್ಕ ಬೀಜ ತಂದು ಬಿತ್ತೀನಿ, ಹುಟ್ಟಿದ್ರ ಹುಟ್ಟಿತು ಅಂದರು. ಆ ಬೀಜ ಅರ್ಧವೂ ಮೊಳೆಯಲಿಲ್ಲ. ಹೆಸರು ಬದಲಾದ್ದಕ್ಕೆ ಹೆಸರು ಕೈಕೊಟ್ಟಿತು ಅಂತ ಆ ವರ್ಷ ಮನೆಯಲ್ಲಿ ಒಂದು ಮಾತೇ ಹುಟ್ಟಿಕೊಂಡಿತು. ನನ್ನನ್ನು ಬೈಯದೆ ಆಡುವ ಮಾತು ಬೈಗುಳಕ್ಕಿಂತ ಹೆಚ್ಚು ನಾಟುತ್ತೆ.

ಸರಿಪಡಿಸೋಕೆ ಕೂತಾಗ ಇನ್ನೊಂದು ಗೊತ್ತಾಯ್ತು. ಪಟ್ಟಿಯನ್ನು ಹಿಂದಿನಂತೆ ಮಾಡಿದರೆ ಸಾಲದು. ಆ ದಿನಗಳಲ್ಲಿ ನಿಜವಾದ ಕಾರಟಗಿಯವರೂ ಹೊಸದಾಗಿ ಸೇರಿದ್ದರು, ಅವರದ್ದೂ 3. ಒಬ್ಬರ 3 ಅಂದರೆ ಯಲಬುರ್ಗಾ, ಇನ್ನೊಬ್ಬರ 3 ಅಂದರೆ ಕಾರಟಗಿ. ದಾಖಲೆ ನೋಡಿ ಹೇಳೋಕಾಗಲ್ಲ. ಯಾವ ದಿನ ಸೇರಿದರು, ಆಮೇಲೆ ಪ್ರೊಫೈಲ್ ತಿದ್ದಿದ್ದಾರಾ ಅಂತ ಲಾಗ್ ಹುಡುಕಿ, ಗೊತ್ತಾಗದವರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ "ನಿಮ್ಮ ತಾಲೂಕು ಯಾವುದ್ರೀ?" ಅಂತ ಕೇಳಿದೆವು. ಹಿಂದಿನ ವರ್ಷದ ವರದಿ ತೆಗೆದರೆ ಅದರಲ್ಲೂ ಕಾರಟಗಿಯಲ್ಲಿ ಹೆಸರುಕಾಳು ಭರ್ಜರಿ ಮಾರಾಟ. ವರದಿ ಬರೆಯುವ ಕೋಡೂ ಅದೇ ಪಟ್ಟಿ ಓದುತ್ತಿತ್ತು. ಇವತ್ತಿನ ಪಟ್ಟಿ ತಿದ್ದಿದ್ದು ನಿನ್ನೆಯ ಇತಿಹಾಸವನ್ನೂ ತಿದ್ದಿತ್ತು.

ಹೀಗೆ ಇದ್ದ ಜಾಗದಲ್ಲೇ ಪಟ್ಟಿಯನ್ನು ಬದಲಿಸೋದಕ್ಕೆ ನಮ್ಮ ವೃತ್ತಿಯಲ್ಲಿ ಒಂದು ಪದ ಇದೆ, ಮ್ಯುಟೇಷನ್. ಕಾಲೇಜಿನಲ್ಲಿ ಮೊದಲು ಕೇಳಿದಾಗ ನನಗೆ ನಗು ಬಂದಿತ್ತು, ಯಾಕಂದರೆ ಆ ಪದ ನಮ್ಮ ಮನೆಯಲ್ಲಿ ಇಂಗ್ಲಿಷ್ ಬಾರದವರ ಬಾಯಲ್ಲೂ ಇತ್ತು. ಅಜ್ಜ ತೀರಿಹೋದ ಮೇಲೆ ಹೊಲ ಅಪ್ಪ, ಕಾಕಾಂದಿರ ಹೆಸರಿಗೆ ಆಗಬೇಕಿತ್ತು. "ಮ್ಯುಟೇಷನ್ ಆತೇನು?" ಅಂತ ಮನೆಗೆ ಬಂದವರೆಲ್ಲ ಕೇಳೋರು.

ಹೊಲದ ಮ್ಯುಟೇಷನ್ ಹೇಗೆ ನಡೆಯುತ್ತೆ ನೋಡಿ. ಅರ್ಜಿ ಕೊಡಬೇಕು. ತಕರಾರು ಇದ್ದವರು ಹೇಳಲಿ ಅಂತ ನೋಟಿಸ್ ಹೊರಡುತ್ತೆ, ಅದಕ್ಕೊಂದು ಗಡುವು ಇರುತ್ತೆ. ಗಡುವು ಮುಗಿದ ಮೇಲೆ ರಿಜಿಸ್ಟರ್‌ನಲ್ಲಿ ದಾಖಲಾಗಿ ಎಂ.ಆರ್. ನಂಬರ್ ಬೀಳುತ್ತೆ. ಪಹಣಿಯ 9ನೇ ಕಾಲಂನಲ್ಲಿ ಮಾಲೀಕರ ಹೆಸರು ಇದ್ದರೆ, ಆ ಹೆಸರು ಅಲ್ಲಿಗೆ ಹೇಗೆ ಬಂತು ಅನ್ನೋದು ಪಕ್ಕದ 10ನೇ ಕಾಲಂನಲ್ಲಿ. ಹೊಲ ಪಾಲಾದರೆ ಸರ್ವೆ ನಂಬರ್ 45 ಇದ್ದದ್ದು 45/1, 45/2 ಆಗುತ್ತೆ. ಪಕ್ಕದವನ 46 ಹಾಗೇ 46. ನಮ್ಮ ಮನೆ ಪಾಲಾಯ್ತು ಅಂತ ಓಣಿಯ ಎಲ್ಲರ ಸರ್ವೆ ನಂಬರ್ ಒಂದೊಂದು ಮುಂದಕ್ಕೆ ಸರಿದರೆ ಊರಲ್ಲಿ ಬಡಿದಾಟವೇ ಆಗುತ್ತೆ. ನಾನು ಸ್ಪ್ಲೈಸ್‌ನಲ್ಲಿ ಮಾಡಿದ್ದು ಅದನ್ನೇ.

ತಾಲೂಕು ಆಫೀಸಿನ ಅಲೆದಾಟ ಗೊತ್ತಿಲ್ಲದವನೇನಲ್ಲ ನಾನು. ಅಪ್ಪನ ಜೊತೆ ಆ ಬೆಂಚಿನ ಮೇಲೆ ಎಷ್ಟೋ ದಿನ ಕೂತಿದ್ದೇನೆ. ಆದರೆ ಆಫೀಸಿನ ನಡತೆ ಬೇರೆ, ಆ ಕಾಲಂಗಳನ್ನು ಗೆರೆ ಎಳೆದವರ ಬುದ್ಧಿ ಬೇರೆ. 2000ದಲ್ಲಿ ಭೂಮಿ ಯೋಜನೆ ಬಂದು ಪಹಣಿ ಕಂಪ್ಯೂಟರಿಗೆ ಹೋದಾಗಲೂ ಎಂ.ಆರ್. ನಂಬರ್ ಬಿಡಲಿಲ್ಲ. ಗಾಡಿ ನಂಬರೂ ಹಾಗೇ. 2014ರ ನವೆಂಬರ್ 1ರಂದು ಗುಲ್ಬರ್ಗ ಕಲಬುರಗಿ ಆಯ್ತು, ಕೆಎ-32 ಮಾತ್ರ ಕೆಎ-32 ಆಗಿಯೇ ಉಳಿಯಿತು. ಕೊಪ್ಪಳದಲ್ಲಿ ಎಷ್ಟು ತಾಲೂಕು ಹುಟ್ಟಿದರೂ ನಮ್ಮ ಗಾಡಿಗಳ ಮೇಲಿನ ಕೆಎ-37 ರಾಯಚೂರಿನ 36ಕ್ಕೆ ಜಾರಲ್ಲ. ಇಲ್ಲಿ ಅಂಕಿ ಸಾಲಿನಲ್ಲಿ ನಿಂತ ಜಾಗ ಅಲ್ಲ, ಅದು ಗುರುತು. ಅರೇಯ ಇಂಡೆಕ್ಸ್ ಬರೀ ಜಾಗ. ಜಾಗವನ್ನು ಗುರುತು ಅಂತ ನಂಬಿದ್ದು ನಮ್ಮ ತಪ್ಪು. ಹಾಗೆ ನಂಬಬೇಡಿ ಅಂತ ಆ ಹಣ್ಣಿನ ಪುಸ್ತಕಗಳು ಒಂದು ಸಾಲೂ ಬರೆಯದೇ ಇದ್ದದ್ದು ಅವುಗಳ ತಪ್ಪು.

ಭಾಷೆಗಳು ತಿದ್ದಿಕೊಂಡಿವೆ ಅನ್ನೋದನ್ನೂ ಹೇಳಬೇಕು. 2023ರ ಜಾವಾಸ್ಕ್ರಿಪ್ಟ್‌ನಲ್ಲಿ ವಿತ್ ಮತ್ತು ಟೂಸ್ಪ್ಲೈಸ್ಡ್ ಅಂತ ಎರಡು ಮೆಥಡ್ ಬಂದವು. ಎರಡೂ ಮೂಲ ಪಟ್ಟಿ ಮುಟ್ಟಲ್ಲ, ಬದಲಾದ ಹೊಸ ನಕಲು ಕೊಡುತ್ತವೆ. ಹಳೇದು ಕೈಯಲ್ಲಿ, ಹೊಸದೂ ಕೈಯಲ್ಲಿ. ಇಲ್ಲದ 10ನೇ ಜಾಗ ಬದಲಿಸು ಅಂದರೆ ವಿತ್ ತೂತು ಮಾಡಲ್ಲ, ಎರರ್ ಕೊಡುತ್ತೆ. ಇಷ್ಟಕ್ಕೆ 1999ರಿಂದ 24 ವರ್ಷ ಬೇಕಾಯ್ತು. ಇವು ಬಂದಾಗ ಆಫೀಸಿನಲ್ಲಿ ಹುಡುಗರು ಇನ್ನು ಮುಂದೆ ಇದ್ದ ಜಾಗದಲ್ಲಿ ಬದಲಿಸೋದೇ ಪಾಪ ಅನ್ನೋ ಹಾಗೆ ಮಾತಾಡಿದರು. ಅದೂ ಅತಿ. ಏಳು ತಾಲೂಕಿನ ಪಟ್ಟಿ ನಕಲು ಮಾಡೋಕೆ ಖರ್ಚೇ ಇಲ್ಲ. ಆದರೆ ಫೋನಿನಲ್ಲಿ ತೆಗೆದ ಒಂದು ಫೋಟೋದಲ್ಲಿ ಕೋಟಿಗಟ್ಟಲೆ ಚುಕ್ಕೆ ಇರುತ್ತವೆ. ಒಂದೊಂದು ಚುಕ್ಕೆಯ ಬಣ್ಣ ಬದಲಿಸುವಾಗಲೂ ಇಡೀ ಫೋಟೋದ ನಕಲು ಮಾಡ್ತೀನಿ ಅಂದರೆ ಫೋನ್ ಕೈಯಲ್ಲೇ ಬಿಸಿಯಾಗುತ್ತೆ. ಆ ಚುಕ್ಕೆಯನ್ನು ಬೇರೆ ಯಾರೂ ನಂಬಿ ಕೂತಿಲ್ಲ, ಅಲ್ಲಿ ಹಳೇದರ ಮೇಲೇ ಬರೆಯೋದು ಸರಿ.

ಇನ್ನೊಂದು ಮಾತನ್ನು ಮುಚ್ಚಿಟ್ಟರೆ ಈ ವಿಮರ್ಶೆ ಸುಳ್ಳಾಗುತ್ತೆ. 2019ರಲ್ಲೇ ಟೂಸ್ಪ್ಲೈಸ್ಡ್ ಇದ್ದು ನಾನು ಅದನ್ನೇ ಬಳಸಿದ್ದರೂ ಕಾಕಾನ ಬೀಜ ಕಾರಟಗಿಗೇ ಹೋಗುತ್ತಿತ್ತು. ನಕಲು ಮಾಡಿದ ಹೊಸ ಪಟ್ಟಿಯಲ್ಲೂ 3 ಅಂದರೆ ಕಾರಟಗಿಯೇ. ಹಳೇ ಪಟ್ಟಿ ಉಳಿದಿದ್ದರೆ ಹಿಂದಿನ ವರ್ಷದ ವರದಿಯನ್ನಾದರೂ ಉಳಿಸಿಕೊಳ್ಳಬಹುದಿತ್ತು, ಅಷ್ಟೇ. ಸ್ಪ್ಲೈಸ್‌ನ ಮೇಲೆ ನಾನು ಹೊರಿಸಿದ ಮೂರು ದೂರೂ ನಿಜ, ಆದರೆ ಆ ಜೂನ್ ತಿಂಗಳ ಹೊಣೆ ಅದರದ್ದಲ್ಲ. ಬದಲಿಸುವ ಮೊದಲು "ಈ ಜಾಗವನ್ನು ನಂಬಿದವರು ಯಾರು?" ಅಂತ ನಾನು ನೋಟಿಸ್ ಹೊರಡಿಸಲಿಲ್ಲ. ಡೇಟಾಬೇಸ್‌ನಲ್ಲಿ ಸಾವಿರಾರು 3ಗಳು ತಕರಾರು ಹೇಳೋಕೆ ಕಾಯುತ್ತಿದ್ದವು.

ಈಗ ನಾನು ಬೇರೆ ಕಡೆ ಕೆಲಸ ಮಾಡ್ತೀನಿ. ಹೊಸಬರು ಬಂದರೆ ಹಣ್ಣಿನಂಗಡಿ ತೋರಿಸಲ್ಲ. ಬೋರ್ಡ್ ಮೇಲೆ ನಾಲ್ಕು ತಾಲೂಕು ಬರೆದು, ಪಕ್ಕದಲ್ಲಿ ಒಬ್ಬ ರೈತನ ಹೆಸರು, ಅವನ ಮುಂದೆ 3 ಅಂತ ಬರೀತೀನಿ. ಈಗ ಗಂಗಾವತಿ ಒಡೀರಿ ಅಂತೀನಿ. ಎಲ್ಲರೂ ಪಟ್ಟಿಯನ್ನೇ ನೋಡಿ ಸರಿಯಾಗಿ ಒಡೀತಾರೆ. ರೈತನ ಕಡೆ ನೋಡೋರು ವರ್ಷಕ್ಕೆ ಒಬ್ಬರೋ ಇಬ್ಬರೋ.

ಕಾಕಾ ಈಗಲೂ ಬೀಜವನ್ನು ಮೊಬೈಲ್‌ನಲ್ಲೇ ತರಿಸ್ತಾರೆ, ಬೇರೆ ಆ್ಯಪ್‌ನಲ್ಲಿ. ಬುಕ್ ಮಾಡಿದ ಮೇಲೆ ನನಗೊಂದು ಫೋನ್ ಬಂದೇ ಬರುತ್ತೆ. "ತಮ್ಮಾ, ಯಲಬುರ್ಗಾ ಅಂತನ ತೋರಸಾಕತ್ತೈತಿ. ಈ ಸಲ ನೀ ಏನೂ ಮುಟ್ಟಿಲ್ಲ ಹೌದಲ್ಲೋ?"